ಬಿಡಾರ ಕಿತ್ತವರ ಚಳಿಗಾಲ

ಸ್ವೀಡನ್ನಿನಲ್ಲಿ ಬಾಡಿಗೆ ಮನೆ ಬಿಡುವವರು ಮೊದಲು ಕಲಿಯಬೇಕಾದದ್ದು ಸಾಮಾನು ಕಟ್ಟುವುದನ್ನಲ್ಲ, ಒಲೆ ಎಳೆಯುವುದನ್ನು. ಅಡುಗೆ ಒಲೆಯನ್ನು ಗೋಡೆಯಿಂದ ಮುಂದಕ್ಕೆಳೆದು ಅದರ ಬೆನ್ನು, ಪಕ್ಕೆ, ಅದು ಇಷ್ಟು ದಿನ ಕೂತಿದ್ದ ನೆಲ ಎಲ್ಲವನ್ನೂ ತಿಕ್ಕಬೇಕು. ಬಚ್ಚಲಿನ ಜಾಲರಿ ಎತ್ತಿ ಒಳಗಿನ ಕೂದಲು ತೆಗೆಯಬೇಕು. ಕಿಟಕಿಗೆ ಎರಡೆರಡು ಗಾಜು. ಸ್ಕ್ರೂ ಬಿಚ್ಚಿ ನಡುವಿನ ಮೈಯನ್ನೂ ಒರೆಸಬೇಕು. ಎಲ್ಲ ಮುಗಿದ ಮೇಲೆ ಒಬ್ಬರು ಪರೀಕ್ಷೆಗೆ ಬರುತ್ತಾರೆ. ನಮ್ಮ ಒಲೆಯ ಹಿಂದೆ ಸಿಕ್ಕದ್ದು ಒಗ್ಗರಣೆಯಿಂದ ಸಿಡಿದು ಪರಾರಿಯಾಗಿದ್ದ ಸಾಸಿವೆ. ಬಂದಾಕೆ ನಮ್ಮ ಕಣ್ಣು ತಪ್ಪಿದ್ದ ಒಂದೇ ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು, ಇದು ಯಾವ ಹುಳದ ಮೊಟ್ಟೆ ಎಂದು ಕೇಳುವ ಮುಖ ಮಾಡಿದಳು. ಕಟ್ಟೆಯ ಮೇಲಿನ ಅರಿಶಿನದ ಕಲೆಯ ಬಗ್ಗೆ ಮಾತ್ರ ಏನೂ ಕೇಳದೆ ಬರೆದುಕೊಂಡಳು.

ಸ್ಟಾಕ್‌ಹೋಮಿನಲ್ಲಿ ಬಾಡಿಗೆ ಮನೆಗೆ ಸರದಿ ಇದೆ. ಹೆಸರು ಬರೆಸಿ ಎಂಟು ಹತ್ತು ವರ್ಷ ಕಾಯುವುದು ಮಾಮೂಲು. ನಡುಪೇಟೆಯ ಮನೆಗಾದರೆ ಇನ್ನೂ ಹೆಚ್ಚು. ಅಷ್ಟು ತಾಳ್ಮೆ ಇಲ್ಲದ ನಮ್ಮಂಥವರು ಯಾರದೋ ಮನೆಯಲ್ಲಿ, ಅವರು ಊರಿಗೆ ಮರಳುವವರೆಗೆ, ಕೈಕಾಲು ಮುದುರಿಕೊಂಡು ಇರುತ್ತೇವೆ. ಅವರು ಮರಳಿದರು. ನಾವು ಸಾಲ ಮಾಡಿ ಹಿಡಿದಿದ್ದ ಹೊಸ ಫ್ಲ್ಯಾಟಿನ ಕೀಲಿಕೈ ಕೊಡಬೇಕಾದವರು, ಲಿಫ್ಟಿನ ಕೆಲಸ ಬಾಕಿ ಇದೆ, ಸ್ವಲ್ಪ ತಡೆಯಿರಿ ಎಂದು ಸೌಜನ್ಯದಿಂದ ಪತ್ರ ಬರೆದರು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದ್ದಕ್ಕೆ ಇನ್ನೂ ಹೆಚ್ಚು ಸೌಜನ್ಯದ ಪತ್ರ ಬಂತು. ರೊಟ್ಟಿ ಹಂಚು, ಪುಸ್ತಕ, ಮಂಚ, ಅವ್ವ ಕೊಟ್ಟ ಒಳಕಲ್ಲು ಎಲ್ಲವೂ ಒಂದು ಗೋದಾಮು ಸೇರಿದವು. ಉಳಿದದ್ದು ಎರಡು ಚೀಲ, ನಾನು ಮತ್ತು ಹೆಂಡತಿ.

"ರೀ, ಮನಿ ಇಲ್ಲದಾಗನ ರಜಾ ತಗೋಬೇಕು. ಬಾಡಿಗಿ ಉಳಿತೈತಿ," ಎಂದಳು ಅವಳು. ಈ ಲೆಕ್ಕದಲ್ಲಿ ನನಗೆ ದೋಷ ಕಾಣಲಿಲ್ಲ. ಸಂಜೆಯ ರೈಲು ಹತ್ತಿ ಮಲಗಿದೆವು. ಮರುದಿನ, ಹಗಲೆಂಬುದು ನೀಲಿ ಮಬ್ಬಾಗಿ ಬಂದುಹೋಗುವ, ದೇಶದ ಉತ್ತರ ತುದಿಯ ಕಿರುನಾದಲ್ಲಿ ಇಳಿದೆವು. ಡಿಸೆಂಬರಿನ ನಡುವೆ ಅಲ್ಲಿ ಸೂರ್ಯ ಮೂಡುವುದಿಲ್ಲ.

ಇಳಿದದ್ದು ಕಿರುನಾದಲ್ಲಿ ಅಂದೆನಲ್ಲ, ಪೂರ್ತಿ ನಿಜವಲ್ಲ. ನಿಲ್ದಾಣ ಊರ ಹೊರಗಿದೆ, ಅಲ್ಲಿಂದ ಬಸ್ಸು. ಹಳೆಯ ನಿಲ್ದಾಣವನ್ನು 2013ರಲ್ಲಿ ಬಿಟ್ಟರು, ಏಕೆಂದರೆ ಊರೇ ಬಿಡಾರ ಕೀಳುತ್ತಿದೆ. ಊರ ಪಕ್ಕದ ಬೆಟ್ಟದಲ್ಲಿ ಕಬ್ಬಿಣದ ಅದಿರು. ಅದಿರಿನ ಹಾಸು ನೇರ ಕೆಳಕ್ಕಿಳಿಯದೆ ಓರೆಯಾಗಿ ಊರಿನ ಅಡಿಗೆ ಹೋಗುತ್ತದೆ. ಕೆಳಗಿನಿಂದ ಅದಿರು ತೆಗೆದಂತೆ ಮೇಲಿನ ಬಂಡೆ ಕುಸಿಯುವುದು ಆ ಗಣಿಗಾರಿಕೆಯ ಕ್ರಮವೇ. ಬಿರುಕು ವರ್ಷವರ್ಷ ಮನೆಗಳ ಕಡೆ ಸರಿಯುತ್ತದೆ. ಗಣಿಯ ಈಗಿನ ಮುಖ್ಯ ಮಟ್ಟ 1365 ಮೀಟರಿನಲ್ಲಿದೆ. ಮಧ್ಯರಾತ್ರಿ ದಾಟಿದ ಮೇಲೆ ಒಳಗೆ ಸಿಡಿಮದ್ದು ಹಾರಿಸುತ್ತಾರೆ. 2004ರಲ್ಲಿ ಗಣಿ ಕಂಪನಿ ಎಲ್‌ಕೆಎಬಿ, ಊರು ಜಾಗ ಬಿಡಬೇಕಾಗುತ್ತದೆ ಎಂದು ನಗರಸಭೆಗೆ ತಿಳಿಸಿತು. ಊರು ಹುಟ್ಟಿದ್ದೇ 1900ರಲ್ಲಿ, ಅದೇ ಗಣಿಗಾಗಿ. ಹಾಗಾಗಿ ಜನ ಬೈಯಲೂ ಆಗದೆ ಸುಮ್ಮನಿರಲೂ ಆಗದೆ ಕೂತಿದ್ದಾರೆ.

ಇದನ್ನೆಲ್ಲ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಬಾಗಲಕೋಟೆಯವನು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಂದಿನಿಂದ ನಮ್ಮೂರು ಮುಳುಗುತ್ತದೆ, ಮುಳುಗುತ್ತದೆ ಎನ್ನುತ್ತಲೇ ಒಂದು ತಲೆಮಾರು ಮುದುಕಾಯಿತು. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬೇರೆ ಊರಲ್ಲಿ ಎಂಜಿನಿಯರುಗಳು ಮಾತಾಡಿಕೊಳ್ಳುತ್ತಾರೆ; ನಮ್ಮಲ್ಲಿ ಚಹಾದಂಗಡಿಯವರು. "ನಿಮ್ಮ ಮನಿ ಎಷ್ಟರಾಗ ಬರ್ತೈತಿ, ಇಪ್ಪತ್ತೊಂದರಾಗೋ ಇಪ್ಪತ್ಮೂರರಾಗೋ?" ಎಂದರೆ ಐದುನೂರ ಇಪ್ಪತ್ತೊಂದು ಮೀಟರೋ, ಇಪ್ಪತ್ಮೂರೋ ಎಂದರ್ಥ. ಬರುವ ಬೀಗರನ್ನೂ ಹೀಗೆ ಅಳೆದು ಹೆಣ್ಣು ಕೊಟ್ಟದ್ದುಂಟು. ಕೊನೆಗೆ ಘಟಪ್ರಭೆಯ ಹಿನ್ನೀರು ಬಂತು. ಜನ ನವನಗರಕ್ಕೆ ಹೋದರು. ಅಜ್ಜನ ಮನೆಯ ತೇಗದ ಬಾಗಿಲನ್ನು ಚೌಕಟ್ಟಿನ ಸಮೇತ ಟ್ರ್ಯಾಕ್ಟರಿನಲ್ಲಿ ಹೇರಿ ಒಯ್ದೆವು. ಹೊಸ ಮನೆಗೆ ಅದು ಎತ್ತರವಾಯಿತು. ಕೊಯ್ಯಲು ಕಾಕಾ ಒಪ್ಪಲಿಲ್ಲ. ಇವತ್ತಿಗೂ ಮಾಳಿಗೆಯ ಮೇಲೆ ಗೋಡೆಗೆ ಒರಗಿ ನಿಂತಿದೆ, ಎಲ್ಲಿಗೂ ತೆರೆಯದೆ.

ಕಿರುನಾದವರು ಒಯ್ದದ್ದು ಬಾಗಿಲನ್ನಲ್ಲ, ಇಡೀ ಚರ್ಚನ್ನು. ವಾಸ್ತುಶಿಲ್ಪಿ ಗುಸ್ತಾವ್ ವಿಕ್ಮನ್ ರೂಪಿಸಿದ ಆ ಕೆಂಪು ಮರದ ಚರ್ಚು 1912ರದ್ದು. ಆಕಾರಕ್ಕೆ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಗುಡಾರದ ನೆನಪಿದೆ. ತೂಕ 672 ಟನ್. ಅದನ್ನು ಬಿಚ್ಚದೆ, ಒಳಗಿನ ಆರ್ಗನ್ ವಾದ್ಯವನ್ನೂ ರಾಜಕುಮಾರ ಯೂಜೆನ್ ಬರೆದ ಚಿತ್ರವನ್ನೂ ಅಲ್ಲೇ ಸುತ್ತಿಟ್ಟು, ಅಡಿಗೆ ಚಕ್ರದ ಬಂಡಿಗಳನ್ನು ತೂರಿಸಿ, 2025ರ ಆಗಸ್ಟ್ 19 ಮತ್ತು 20ರಂದು ಐದು ಕಿಲೋಮೀಟರ್ ಸಾಗಿಸಿದರು. ವೇಗ ಗಂಟೆಗೆ ಅರ್ಧ ಕಿಲೋಮೀಟರು. ಅದಕ್ಕಾಗಿ ಒಂಬತ್ತು ಮೀಟರಿನ ರಸ್ತೆಯನ್ನು ಇಪ್ಪತ್ನಾಲ್ಕಕ್ಕೆ ಅಗಲಿಸಿದ್ದರು, ಅಡ್ಡ ಬಂದ ಸೇತುವೆ ಒಡೆದಿದ್ದರು. ರಾಜ ಬಂದಿದ್ದ, ಟೀವಿಯಲ್ಲಿ ನೇರ ಪ್ರಸಾರ ಇತ್ತು. ನಮ್ಮ ಬೀರು ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಾಗ ಕೆಳಮನೆಯವನು ಬಾಗಿಲು ತೆರೆದು ನೋಡಿ ಮತ್ತೆ ಹಾಕಿಕೊಂಡಿದ್ದ.

ಹೊಸ ಜಾಗದಲ್ಲಿ ಆ ಚರ್ಚಿನ ಮುಂದೆ ನಿಂತು ನೋಡಿದೆವು. ನೂರು ವರ್ಷ ಅಲ್ಲೇ ಇದ್ದವರ ಹಾಗೆ ಕೂತಿದೆ, ನಿಜ. ನನಗೆ ಮಾತ್ರ ಒಳಗೊಳಗೇ ಸ್ವಲ್ಪ ಕಹಿಯಾಯಿತು. ಇಂಥ ಕೆಲವು ಚೆಂದದ ಕಟ್ಟಡಗಳು ಸವಾರಿ ಹೋದವು. ಗಣಿ ಕೆಲಸಗಾರರು ಇದ್ದ ಸಾದಾ ಮನೆಗಳಲ್ಲಿ ಹೆಚ್ಚಿನವು ನೆಲಸಮವಾದವು. ಫ್ಲ್ಯಾಟುಗಳನ್ನು ಯಾರು ಬಂಡಿಯ ಮೇಲೆ ಕೂರಿಸುತ್ತಾರೆ ಎಂದು ಹೆಂಡತಿ ಕೇಳಿದಳು. ಸರಿ. ಆದರೆ ಇವಳೇ ಒಳಕಲ್ಲನ್ನು ಮೂರು ದೇಶ ದಾಟಿಸಿದವಳು.

ಕಿರುನಾದಲ್ಲಿ ಮೋಡ. ಉತ್ತರದ ಬೆಳಕು ಬೇಕಾದರೆ ಅಬಿಸ್ಕೋಗೆ ಹೋಗಿ ಎಂದು ಹೋಟೆಲಿನವರು ಕಳಿಸಿದರು. ಪಶ್ಚಿಮದ ಬೆಟ್ಟಗಳು ಅಟ್ಲಾಂಟಿಕ್ ಕಡೆಯ ತೇವವನ್ನು ತಡೆಯುವುದರಿಂದ ಅಬಿಸ್ಕೋ ಮಳೆನೆರಳಿನ ಊರು, ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ-ಹಿಮ. ನಮ್ಮ ಬಾಗಲಕೋಟೆಗಿಂತಲೂ ಒಣ. ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಆಗಾಗ ಮೋಡ ಒಡೆದು ಆಕಾಶ ಕಾಣುತ್ತದೆ.

ದಾರಿಯಲ್ಲಿ ರೈಲು ನಿಧಾನವಾದಾಗ ಮೂಸ್ ಒಂದು ಕಂಡಿತು, ಹೊಟ್ಟೆಯವರೆಗೆ ಹಿಮದಲ್ಲಿ ನಿಂತು ಸಣ್ಣ ಗಿಡದ ಟೊಂಗೆ ಮುರಿಯುತ್ತ. ಕೊಂಬಿರಲಿಲ್ಲ, ಗಂಡಾದರೂ ಚಳಿಗಾಲಕ್ಕೆ ಉದುರಿಸಿಬಿಡುತ್ತದೆ. ಹೇರು ಕಡಿಮೆ ಮಾಡಿಕೊಳ್ಳುವ ಆ ಬುದ್ಧಿ ನನಗೆ ಹಿಡಿಸಿತು. ಅದಕ್ಕಿಂತ ಹಿಡಿಸಿದ್ದು ಅಬಿಸ್ಕೋದ ಬರ್ಚ್ ಕಾಡಿನ ಹಿಮಕೋಳಿ. ಚಳಿಗಾಲದಲ್ಲಿ ಮೈಯೆಲ್ಲ ಬಿಳಿ, ಕಾಲ್ಬೆರಳಿಗೂ ಗರಿ. ಮಾರ್ಗದರ್ಶಿ ಹುಡುಗಿ ಹಿಮದಲ್ಲಿನ ಒಂದು ಗುಂಡಿ ತೋರಿಸಿದಳು. ರಾತ್ರಿಯಾದರೆ ಹಕ್ಕಿ ಹಿಮ ಕೆದರಿ ಒಳಹೊಕ್ಕು ಮಲಗುತ್ತದೆ. ಹೊರಗಿನ ಕೊರೆತಕ್ಕಿಂತ ಒಳಗೆ ಎಷ್ಟೋ ಬೆಚ್ಚಗೆ. ಬೆಳಿಗ್ಗೆ ಹಾರಿಹೋಗುತ್ತದೆ. ಗುಂಡಿಯ ತಳದಲ್ಲಿ ಹಿಕ್ಕೆಯ ರಾಶಿ ಹಾಗೇ ಇತ್ತು. ಯಾರೂ ಪರೀಕ್ಷೆಗೆ ಬಂದಿರಲಿಲ್ಲ.

ಬೆಳಕು ಬಂದದ್ದು ರಾತ್ರಿ ಊಟವಾದ ಮೇಲೆ. ಚಿತ್ರ ನೋಡಿ ಹೋದವರಿಗೆ ಮೊದಲು ನಿರಾಸೆಯೇ: ಆಕಾಶದಲ್ಲಿ ಬೂದು ಬಿಳಿಯ ಪಟ್ಟಿ, ಸುಣ್ಣ ಬಳಿಯುವವನು ಅರ್ಧಕ್ಕೆ ಬಿಟ್ಟುಹೋದ ಗೋಡೆಯಂತೆ. ಫೋನಿಗೆ ಮಾತ್ರ ಅದು ಹಸಿರಾಗಿ ಕಾಣುತ್ತದೆ. ಇಷ್ಟೇ ಏನು ಎಂದು ಒಳಗೆ ಹೊರಟಿದ್ದೆವು. ಅಷ್ಟರಲ್ಲಿ ಪಟ್ಟಿ ಅಲುಗಿ, ಮಡಿಚಿ, ಬರಿಗಣ್ಣಿಗೂ ಹಸಿರಾಗಿ, ಬೆಟ್ಟದಿಂದ ಸರೋವರದವರೆಗೆ ಓಡತೊಡಗಿತು. ಮೇಲ್ತುದಿಯಲ್ಲಿ ಸ್ವಲ್ಪ ಹೊತ್ತು ಕೆಂಪು.

ಆ ಕೆಂಪಿನ ಕತೆ ಕೇಳಬೇಕು. ಸೂರ್ಯನ ಕಡೆಯ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಕೆಣಕಿದಾಗ ಎಲೆಕ್ಟ್ರಾನುಗಳು ಧಾವಿಸಿ ಬಂದು ಮೇಲಿನ ಗಾಳಿಯ ಆಮ್ಲಜನಕಕ್ಕೆ ಬಡಿಯುತ್ತವೆ. ಪೆಟ್ಟು ತಿಂದ ಪರಮಾಣು ಹಸಿರು ಸೂಸಲು ಒಂದು ಸೆಕೆಂಡೂ ಬೇಡ. ಕೆಂಪು ಸೂಸಲು ಸುಮಾರು ಎರಡು ನಿಮಿಷ ಬೇಕು. ನೂರು ಕಿಲೋಮೀಟರ್ ಎತ್ತರದಲ್ಲಿ ಅಷ್ಟು ಹೊತ್ತು ನೆಮ್ಮದಿಯಾಗಿರಲು ಯಾರು ಬಿಡುತ್ತಾರೆ? ಪಕ್ಕದವು ಡಿಕ್ಕಿ ಹೊಡೆದು ಇದ್ದ ಶಕ್ತಿಯನ್ನು ಕಸಿಯುತ್ತವೆ. ಇನ್ನೂರಕ್ಕಿಂತ ಮೇಲೆ ಜನಸಂದಣಿ ಕಡಿಮೆ. ಅಲ್ಲಿ ಸರದಿ ಬರುತ್ತದೆ. ಸ್ಟಾಕ್‌ಹೋಮಿನ ಬಾಡಿಗೆದಾರರಿಗೆ ಈ ಭೌತಶಾಸ್ತ್ರ ಅರ್ಥವಾಗದೆ ಇರದು.

ಚಿತ್ರವನ್ನು ನವನಗರದ ಕಾಕಾನಿಗೆ ಕಳಿಸಿದೆ. ನಮ್ಮ ನಡುರಾತ್ರಿ ಅವರಿಗೆ ಬೆಳಗಿನ ಚಹಾದ ಹೊತ್ತು. ತಕ್ಷಣ ಫೋನು ಮಾಡಿದರು.

"ಛೊಲೊ ಐತಿ ತಮ್ಮಾ, ಹಸರ ಐತಿ. ಅದಿರ್ಲಿ, ಆ ಗಣಿ ಊರಿನ ಮಂದಿಗೆ ಪರಿಹಾರ ಎಷ್ಟ ಕೊಟ್ಟಾರಂತ?"

ಸ್ವಂತ ಮನೆಯವರಿಗೆ ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ ಇಪ್ಪತ್ತೈದು, ಇಲ್ಲವಾದರೆ ಬದಲಿಗೆ ಹೊಸ ಮನೆ ಎಂದೆ. ಆ ಕಡೆ ಚಹಾ ಸುರಿಯುವ ಸದ್ದು.

"ಮಾರುಕಟ್ಟಿ ಬೆಲಿ ಯಾವ ವರ್ಷದ್ದು ಹಿಡದಾರ?"

ಗೊತ್ತಿಲ್ಲ ಎಂದೆ.

"ಅದನ್ನ ಕೇಳಬೇಕಲ್ಲೋ ಮೊದಲ! ಸಹಿ ಮಾಡಬ್ಯಾಡ್ರಿ ಅನ್ನು ಅವರಿಗೆ. ಅಳತಿ ಇನ್ನೊಮ್ಮೆ ಮಾಡ್ಸಂತ ಹೇಳು. ಅಪೀಲಿಗೆ ಹೋಗೂದಾದ್ರ ನಮ್ಮ ವಕೀಲರ ನಂಬರ ಕೊಡ್ತೀನಿ."