ದಾವಣಗೆರೆಯಲ್ಲಿ ಇಳಿದರೆ... ಹೊಟ್ಟೆಗೇನು? ಗಂಟಲಿಗೇನು?

ಬೆಂಗಳೂರು–ಹುಬ್ಬಳ್ಳಿ ಬಸ್ಸು ಹತ್ತಿದವರಿಗೆ ದಾವಣಗೆರೆ ಅಂದರೆ ಇಂಟರ್ವಲ್ ಇದ್ದ ಹಾಗೆ! ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್. "ಹತ್ತೇ ನಿಮಿಷ ರೀ" ಅಂತ ಕಂಡಕ್ಟರ್ ಕೂಗುತ್ತಾನೆ. ಜನ ಇಳಿದು, ಸ್ಟ್ಯಾಂಡಿನಲ್ಲೇ ಒಂದು ಬನ್ನು, ಒಂದು ಚಹಾ ಮುಗಿಸಿ ಮತ್ತೆ ಹತ್ತಿಬಿಡುತ್ತಾರೆ. ಆಮೇಲೆ ಬೆಂಗಳೂರಿನಲ್ಲಿ ಯಾವುದೋ ಬೋರ್ಡಿನ ಕೆಳಗೆ ದುಪ್ಪಟ್ಟು ದುಡ್ಡು ಕೊಟ್ಟು 'ದಾವಣಗೆರೆ ಬೆಣ್ಣೆ ದೋಸೆ' ತಿಂದು ಬಾಯಿ ಚಪ್ಪರಿಸುತ್ತಾರೆ. ಓದುಗ ಮಿತ್ರರೇ, ಪೋಸ್ಟರ್ ನೋಡಿ ಪಿಕ್ಚರಿನ ಕಥೆ ಹೇಳೋರನ್ನ ಏನಂತೀರಿ? ಮುಂದಿನ ಸಲ ಆ ಬಸ್ಸು ಹೋದರೆ ಹೋಗಲಿ ಬಿಡಿ. ಹಿಂದೆಯೇ ಇನ್ನೊಂದು ಬರುತ್ತೆ.

ಈ ದೋಸೆಗೂ ಬಣ್ಣದ ಲೋಕಕ್ಕೂ ಹಳೇ ನಂಟು. ಊರಿನವರು ಹೇಳುವ ಪ್ರಕಾರ 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ, ವಸಂತ ಟಾಕೀಸ್ ಹತ್ತಿರ ಸಾವಳಗಿ ನಾಟಕದ ಥಿಯೇಟರ್ ಎದುರು ಒಲೆ ಹೂಡಿದರಂತೆ. ಆಗ ರಾಗಿ ದೋಸೆ. ಅಕ್ಕಿ ಹಿಟ್ಟು, ಮೇಲೆ ಬೆಣ್ಣೆ ಬಂದದ್ದು ಮಕ್ಕಳ ಕಾಲಕ್ಕೆ, 1938ರ ಸುಮಾರಿಗೆ. ನಾಟಕ ಬಿಟ್ಟ ಜನ ಹಸಿದು ಹೊರಗೆ ಬರುತ್ತಿದ್ದರು, ಎದುರಿಗೇ ದೋಸೆ! ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಲ್ಲವೇ ಇದು? 1988ರಲ್ಲಿ ಪದ್ಮಶ್ರೀ ಪಡೆದ ಆ ಕಲಾವಿದೆಯ ಊರಿನಲ್ಲಿ ನಾಟಕ ನೋಡೋದು, ದೋಸೆ ತಿನ್ನೋದು ಎರಡೂ ಒಂದೇ ಟಿಕೆಟ್ಟಿನ ಲೆಕ್ಕ.

ಹೋಟೆಲ್ ಆರಿಸೋದು ಹೇಗೆ? ಬೋರ್ಡು ನೋಡಬೇಡಿ, ಒಲೆ ನೋಡಿ. ಕಟ್ಟಿಗೆ ಉರಿಯ ಮೇಲೆ ದಪ್ಪ ಕಾವಲಿ ಇದ್ದು, ಪಕ್ಕದಲ್ಲಿ ಬೆಣ್ಣೆ ಮುದ್ದೆ ಕಣ್ಣಿಗೆ ಕಾಣುವಂತಿದ್ದರೆ ಒಳಗೆ ನಡೆಯಿರಿ. ಗುರು ಕೊಟ್ಟೂರೇಶ್ವರದಂಥ ಹಳಬರ ಕಡೆ ಮುಂಜಾನೆ ಹೋದರೆ ಕುರ್ಚಿ ಸಿಗೋದೇ ಪುಣ್ಯ. ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆ... ಮೂರೂ ಬೇರೆ ಬೇರೆ. ಓಪನ್‌ಗೆ ಮೇಲೆ ಚಟ್ನಿಪುಡಿ ಉದುರಿಸಿ ಮಡಚದೆ ಕೊಡುತ್ತಾರೆ. ಅರಿಶಿನವಿಲ್ಲದ ಬೆಳ್ಳನೆ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ, ಅಷ್ಟೇ. ಸಾಂಬಾರ್ ಕೇಳಿದಿರೋ, ಇಡೀ ಹೋಟೆಲ್ ತಿರುಗಿ ನೋಡುತ್ತೆ! ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಆಗುವ ಗುಟ್ಟಿನಲ್ಲಿ ಅದಕ್ಕೂ ಪಾಲಿದೆ.

ನನ್ನನ್ನು ಈ ದೋಸೆಗೆ ಪರಿಚಯಿಸಿದ್ದು ನಮ್ಮ ದೊಡ್ಡಪ್ಪ. ಪಿ.ಯು.ಸಿ. ಬಿಟ್ಟು ಊರೂರು ಅಲೆಯೋಕೆ ಶುರು ಮಾಡಿದಾಗ ಈ ಊರಿನಲ್ಲಿ ನನಗೆ ಅವರ ಮನೆಯೇ ಲಾಡ್ಜ್. ಅವರು ಹತ್ತಿ ಗಿರಣಿಯಲ್ಲಿ ಮೂರನೇ ಪಾಳಿ ಮಾಡಿದವರು. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಬಂತು, ಬೆನ್ನಿಗೇ ಒಂದೊಂದಾಗಿ ಗಿರಣಿಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಯಿತು. ಆಮೇಲೆ ಒಂದೊಂದಾಗಿ ಬೀಗ. ದೊಡ್ಡಪ್ಪನ ಗಿರಣಿಗೆ ಬೀಗ ಬಿದ್ದಾಗ ನಾನಿನ್ನೂ ಹುಟ್ಟಿರಲಿಲ್ಲ. ಈಗಲೂ ಪಾಳಿ ಮುಗಿಯುತ್ತಿದ್ದ ಹೊತ್ತಿಗೇ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು ಅದೇ ಗಲ್ಲಿಯ ಸಣ್ಣ ಹೋಟೆಲಿಗೆ ಹೋಗುತ್ತಾರೆ.

"ದೊಡ್ಡಪ್ಪಾ, ಆಚೆ ಬೀದೀಲಿ ಇದಕ್ಕಿಂತ ಒಳ್ಳೇ ದೋಸೆ ಸಿಗುತ್ತಲ್ಲ?" ಅಂದೆ ಒಂದು ದಿನ.

"ಸಿಗ್ತತಿ ಬಿಡಲೇ ತಮ್ಮಾ," ಅಂದರು. "ಗಿರಣಿ ಬಂದ್ ಆದಾಗ ಏಳು ತಿಂಗಳು ಉದ್ರಿ ಕೊಟ್ಟಾನ ಇವರಪ್ಪ. ನಂಗೊಬ್ಬಂಗಲ್ಲ, ನಮ್ಮ ಖಾತೆಯೋರಿಗೆಲ್ಲ. ಲೆಕ್ಕದ ಬುಕ್ಕು ಯಾವತ್ತೂ ಎದುರಿಗೆ ತೆಗೀಲಿಲ್ಲ."

ಬಾಕಿ ಸಂಬಳ ಬಂತೇ ಅಂತ ನಾನು ಕೇಳಲಿಲ್ಲ. ದೊಡ್ಡಮ್ಮ ಬಹಳ ಹಿಂದೆಯೇ ಹೇಳಿದ್ದರು.

ಆ ಹೋಟೆಲಿಗೆ ಬೋರ್ಡೇ ಇಲ್ಲ. ಆದ್ದರಿಂದ ಮಾಲೀಕರ ಮಗನ ಒಪ್ಪಿಗೆಯಿಲ್ಲದೆ ವಿಳಾಸ ಬರೆಯೋದಿಲ್ಲ.

ಸಂಜೆಗೆ ರಾಂ ಅಂಡ್ ಕೋ ಸರ್ಕಲ್ಲು. ಎಣ್ಣೆಯಿಂದ ಎದ್ದ ಬಿಸಿ ಮಿರ್ಚಿ, ಪಕ್ಕದಲ್ಲಿ ಖಾರ ಮಂಡಕ್ಕಿ, ಇನ್ನೊಂದು ನರ್ಗಿಸ್ ಮಂಡಕ್ಕಿ. ಹೆಸರು ಕೇಳಿ 'ಮದರ್ ಇಂಡಿಯಾ' ನೆನೆಸಿಕೊಂಡು ಕಣ್ಣೀರು ತರಬೇಡಿ, ಕಣ್ಣೀರು ತರಿಸೋಕೆ ಮಿರ್ಚಿಯೇ ಇದೆ! ಊಟಕ್ಕೆ ಲಿಂಗಾಯತರ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತಟ್ಟೆಗೆ ಕೈ ಅಡ್ಡ ಹಿಡಿಯುವವರೆಗೂ ರೊಟ್ಟಿ ಬೀಳುತ್ತಲೇ ಇರುತ್ತೆ.

ಇನ್ನು ಗಂಟಲಿನ ವಿಷಯ. (ಎಡಿಟರ್ ಸಾಹೇಬರು ಇದನ್ನು ಕತ್ತರಿಸದಿರಲಿ!) ಪಿ.ಬಿ. ರೋಡಿನ ಉದ್ದಕ್ಕೂ ಬಾರ್ ಅಂಡ್ ರೆಸ್ಟೋರೆಂಟುಗಳಿವೆ. ಬೋರ್ಡಿನಲ್ಲಿ ಆ 'ರೆಸ್ಟೋರೆಂಟ್' ಅನ್ನೋದು ಹೀರೋನ ಗೆಳೆಯನ ಪಾತ್ರದ ಹಾಗೆ, ಹೆಸರಿಗೆ ಇರುತ್ತೆ, ಕೆಲಸ ಕಡಿಮೆ. ನನ್ನ ಪರೀಕ್ಷೆ ಒಂದೇ: ಶೇಂಗಾ ತರಿಸಿ. ಆಗಷ್ಟೇ ಹುರಿದು, ಈರುಳ್ಳಿ ಹೆಚ್ಚಿ ನಿಂಬೆ ಹಿಂಡಿ ತಂದರೆ ಕೂತುಕೊಳ್ಳಿ. ಮುಗ್ಗಲು ಶೇಂಗಾ ಬಂದರೆ ಅಡಿಗೆಮನೆ ಹೇಗಿರುತ್ತೆ ಅಂತ ನೀವೇ ಊಹಿಸಿ, ಎದ್ದುಬಿಡಿ. ಬಾಟಲಿ ಸೀಲು ನಿಮ್ಮ ಎದುರಿಗೇ ಒಡೆಯಲಿ, ಬಿಲ್ಲು ಓದಿ ದುಡ್ಡು ಕೊಡಿ. ಎಂ.ಆರ್.ಪಿ. ಅಂಗಡಿ ಮುಂದೆ ನಿಂತು ಕುಡಿಯೋದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಪ್ಯಾಕೆಟ್ ಸಾರಾಯಿ 2007ರಲ್ಲೇ ನಿಂತುಹೋಯಿತು. ನಿಲ್ಲದಿದ್ದರೆ ಗಿರಣಿಯವರ ಮನೆಗಳಲ್ಲಿ ಇನ್ನೆಷ್ಟು ತಾಳಿ ಅಡ ಹೋಗುತ್ತಿದ್ದವೋ!

ಟೈಮ್ ಉಳಿದರೆ ಮಂಡಕ್ಕಿ ಭಟ್ಟಿಗಳ ಕಡೆ ಒಂದು ಸುತ್ತು ಹೋಗಿ ಬನ್ನಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಚ್ಚಿ, ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತೆ. ಒಲೆಗೆ ಹಳೇ ಟೈರು ಹಾಕುತ್ತಾರೆ, ಆ ಹೊಗೆಯಿಂದ ಉಸಿರು ಕೆಡುತ್ತೆ ಅನ್ನೋ ದೂರು ಬಹಳ ವರ್ಷದ್ದು. ನಾನು ಹೋದಾಗ ಮುಖಕ್ಕೆ ಬಟ್ಟೆ ಕಟ್ಟಿದ್ದ ಒಬ್ಬ ಹೆಂಗಸು ಜರಡಿಯಿಂದ ಒಂದು ಬೊಗಸೆ ತೆಗೆದು ನನ್ನ ಕೈಗೆ ಹಾಕಿದರು. ಬೆರಳು ಸುಡುವಷ್ಟು ಬಿಸಿ. ದುಡ್ಡು ಕೊಡಹೋದರೆ ತಗೊಳ್ಳಲಿಲ್ಲ. "ತಿನ್ರಿ, ಹೊಗೆ ಈ ಕಡೆ ತಿರುಗೋದ್ರಾಗೆ ಹೊರಡ್ರಿ" ಅಂದು ಮತ್ತೆ ಮರಳಿಗೆ ತಿರುಗಿದರು.