ವರ್ಷಕ್ಕೊಂದು ಗಿಡುಗ ಬಾಡಿಗೆ

ಮಕ್ಕಳೇ, ಒಂದು ಇಡೀ ದ್ವೀಪವನ್ನೇ ಯಾರಿಗಾದರೂ ವಹಿಸಿಕೊಟ್ಟರೆ ವರ್ಷಕ್ಕೆ ಎಷ್ಟು ಹಣ ಕೇಳಬಹುದು? ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪವನ್ನು 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್, ಸೇಂಟ್ ಜಾನ್ ಪಂಥದ ಯೋಧರಿಗೆ ಕೊಟ್ಟ. ಕಪ್ಪ ಎನ್ನಿ, ಬಾಡಿಗೆ ಎನ್ನಿ, ಅವರು ಕೊಡಬೇಕಾಗಿದ್ದದ್ದು ವರ್ಷಕ್ಕೆ ಒಂದೇ ಒಂದು ಗಿಡುಗ! ಜೀವನವಿಡೀ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಮಗಳು, ಅಳಿಯ, ಮೊಮ್ಮಗಳ ಜೊತೆ ಐದು ದಿನ ಅಲ್ಲಿದ್ದಾಗ ಹೋದಲ್ಲೆಲ್ಲ ಲೆಕ್ಕವನ್ನೇ ಹುಡುಕಿದೆ.

ಪಕ್ಕದ ಗೋಜೊ, ಕೊಮಿನೊ ದ್ವೀಪಗಳನ್ನು ಸೇರಿಸಿದರೂ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್ ಅಷ್ಟೇ. ವಯಸ್ಸು ಮಾತ್ರ ದೊಡ್ಡದು. ಗೋಜೊದಲ್ಲಿರುವ ಜಗಂತೀಯ ಎಂಬ ಕಲ್ಲಿನ ದೇಗುಲಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿರಿಯವು. 1565ರಲ್ಲಿ ತುರ್ಕರ ದೊಡ್ಡ ಸೈನ್ಯ ಬಂದು ಸುಮಾರು ನಾಲ್ಕು ತಿಂಗಳು ಮುತ್ತಿಗೆ ಹಾಕಿದರೂ ದ್ವೀಪ ಸೋಲಲಿಲ್ಲ. ಮರುವರ್ಷ ಕಟ್ಟಲು ತೊಡಗಿದ ಊರಿಗೆ ಯೋಧರ ನಾಯಕ ಲಾ ವಲೆಟ್‌ನ ಹೆಸರನ್ನೇ ಇಟ್ಟರು. ಅದೇ ಇಂದಿನ ರಾಜಧಾನಿ ವಲೆಟ್ಟಾ. ಅಲ್ಲಿನ ಬೀದಿಗಳಲ್ಲಿ ಮೆಟ್ಟಿಲೋ ಮೆಟ್ಟಿಲು. ನನ್ನ ಮೊಣಕಾಲುಗಳು ಎಲ್ಲವನ್ನೂ ಎಣಿಸಿದವು!

ಎರಡನೆಯ ಮಹಾಯುದ್ಧದ ಹೊತ್ತಿಗೆ ಮಾಲ್ಟಾ ಬ್ರಿಟಿಷರ ಕೈಯಲ್ಲಿತ್ತು. ಮೋಸ್ತಾ ಎಂಬ ಊರಿನ ಚರ್ಚಿಗೆ ಭಾರಿ ಗುಮ್ಮಟವಿದೆ. 1942ರ ಏಪ್ರಿಲ್ 9ರಂದು ಒಳಗೆ ಸುಮಾರು ಮುನ್ನೂರು ಜನ ಸೇರಿದ್ದಾಗ ಬಾಂಬೊಂದು ಆ ಗುಮ್ಮಟವನ್ನು ತೂತು ಮಾಡಿ ಒಳಗೆ ಬಿತ್ತು. ಪುಣ್ಯಕ್ಕೆ ಸಿಡಿಯಲಿಲ್ಲ.

ಬಾಂಬಿಗಿಂತ ದೊಡ್ಡ ಶತ್ರು ಹಸಿವು. ಹಿಟ್ಟು, ಎಣ್ಣೆ ಎಲ್ಲವೂ ಹಡಗಿನಲ್ಲೇ ಬರಬೇಕು. ಬರುವ ಹಡಗುಗಳನ್ನು ಜರ್ಮನಿ, ಇಟಲಿಯ ವಿಮಾನಗಳು ಮುಳುಗಿಸುತ್ತಿದ್ದವು. ಉಗ್ರಾಣದ ದಾಸ್ತಾನು ಎಷ್ಟು ದಿನಕ್ಕೆ ಸಾಕು ಎಂದು ಅಧಿಕಾರಿಗಳು ಲೆಕ್ಕ ಹಾಕಿ ಒಂದು ತಾರೀಖು ಗೊತ್ತುಮಾಡಿದ್ದರು. ಅಷ್ಟರೊಳಗೆ ಆಹಾರ ಬಾರದಿದ್ದರೆ ಶರಣಾಗುವುದೊಂದೇ ದಾರಿ. ಇದನ್ನು ಓದಿದಾಗ, ತಿಂಗಳ ಕೊನೆಯಲ್ಲಿ ಅಕ್ಕಿ ಡಬ್ಬದ ತಳ ನೋಡಿ, ಸೇರಿನಿಂದ ಅಳೆದು, ಬೆರಳು ಮಡಿಸಿ ದಿನ ಎಣಿಸುತ್ತಿದ್ದ ನಮ್ಮಮ್ಮ ನೆನಪಾದಳು. ಅವಳ ಪಾಲಿಗೆ ನಮ್ಮ ಮನೆಯೂ ಒಂದು ದ್ವೀಪವೇ ಆಗಿತ್ತು.

ಆ ಆಗಸ್ಟ್ ತಿಂಗಳಲ್ಲಿ ಸರಕು ಹೊತ್ತು ಹೊರಟ ಹಡಗುಗಳು ಹದಿನಾಲ್ಕು. ಬಂದು ಮುಟ್ಟಿದ್ದು ಐದೇ. ಕೊನೆಯದಾದ ‘ಓಹಿಯೊ’ ಎಣ್ಣೆ ಹಡಗು ಬಾಂಬುಗಳಿಂದ ಜರ್ಜರಿತವಾಗಿ ಮುಳುಗುವಂತಿತ್ತು. ಅದನ್ನು ಎರಡು ಯುದ್ಧನೌಕೆಗಳ ನಡುವೆ ಕಟ್ಟಿಕೊಂಡು ನಿಧಾನವಾಗಿ ಬಂದರಿಗೆ ತಂದರು. ಅಂದು ಆಗಸ್ಟ್ 15, ಅಲ್ಲಿಯವರಿಗೆ ಸಾಂತಾ ಮರಿಯಾ ಹಬ್ಬ. ದ್ವೀಪ ಉಳಿಯಿತು.

ಅಲ್ಲಿ ರಸ್ತೆ ಬದಿಯಲ್ಲೂ ಸಿಗುವ ತಿಂಡಿಯ ಹೆಸರು ‘ಹೊಬ್ಜ್ ಬಿಜ್ಜೇಯ್ತ್’. ಎಣ್ಣೆ ಹಾಕಿದ ರೊಟ್ಟಿ ಎಂದಷ್ಟೇ ಅರ್ಥ. ಗಟ್ಟಿ ಸಿಪ್ಪೆಯ ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಸುರಿದು, ಕೇಪರ್ ಎಂಬ ಉಪ್ಪು ಹಾಕಿದ ಮೊಗ್ಗುಗಳನ್ನು ಉದುರಿಸುತ್ತಾರೆ. ಮೀನು ಬೇಡವೆಂದು ಹೇಳಿ ನಾನೂ ತಿಂದೆ; ಬಲು ರುಚಿ! ಮೊಮ್ಮಗಳು ಗಟ್ಟಿ ಅಂಚನ್ನು ತಟ್ಟೆಯಲ್ಲೇ ಬಿಟ್ಟಿದ್ದಳು. ನಾನು ಬೈಯಲಿಲ್ಲ, ಓಹಿಯೊ ಕಥೆ ಹೇಳಿದೆ. “ತಾತ, ಆ ತಾರೀಖು ಬರೋದಕ್ಕೆ ಇನ್ನೆಷ್ಟು ದಿನ ಇತ್ತು?” ಎನ್ನುತ್ತಾ ಅಂಚನ್ನು ಕೈಗೆತ್ತಿಕೊಂಡಳು.

ನೀವೂ ಒಮ್ಮೆ ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬ ತೆರೆದು, ಎಷ್ಟು ದಿನಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಉತ್ತರ ಸರಿಯೋ ತಪ್ಪೋ, ಅಮ್ಮನನ್ನೇ ಕೇಳಿ.