ಕೋಡಿಬಾಗದ ವಾರೆ ರೂಪಾಯಿ

ಕಾರವಾರದ ಬಸ್ ನಿಲ್ದಾಣದಿಂದ ಗೋವಾ ಕಡೆಗೆ ಹೊರಟರೆ, ಕಾಳಿ ನದಿ ದಾಟುವ ಮೊದಲು ಸಿಗುವುದೇ ಕೋಡಿಬಾಗ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ನದಿ. ಎದುರು ದಂಡೆಯಲ್ಲಿ ಸದಾಶಿವಗಡದ ಗುಡ್ಡ. ಸೋದೆ ಅರಸರು ಕಟ್ಟಿಸಿದ ಕೋಟೆ ಆ ಗುಡ್ಡದ ಮೇಲಿತ್ತು. ಇಲ್ಲಿ ಅಕ್ಕಪಕ್ಕ ಎರಡು ಸೇತುವೆಗಳಿದ್ದವು. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಅದರ ಜೊತೆ ನದಿಗೆ ಬಿದ್ದ ಲಾರಿಯ ಚಾಲಕ ಪುಣ್ಯಕ್ಕೆ ಬದುಕಿಕೊಂಡ.

ಬಸ್ಸಿನಲ್ಲಿ ಸೇತುವೆ ದಾಟುವಾಗ ಕೆಲವು ಹಿರಿಯರು ಕೈಮುಗಿದು ನದಿಗೆ ನಾಣ್ಯ ಎಸೆಯುವುದುಂಟು. ನದಿ ಅವುಗಳನ್ನು ಇಟ್ಟುಕೊಳ್ಳುವುದಿಲ್ಲ. ಉಬ್ಬರ ಇಳಿತದಲ್ಲಿ ಉರುಳಾಡಿಸಿ ಯಾವಾಗಲೋ ಒಮ್ಮೆ ಮರಳಿನ ಮೇಲೆ ತಂದುಹಾಕುತ್ತದೆ. ಹಾಗೆ ಸಿಕ್ಕ ನಾಣ್ಯಗಳನ್ನು ಕೋಡಿಬಾಗದ ಮಕ್ಕಳು ಹೆಕ್ಕುತ್ತಾರೆ.

ಜುಲೈ ತಿಂಗಳಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅಪ್ಪ ಯಾಂತ್ರಿಕ ದೋಣಿಯಲ್ಲಿ ಕೆಲಸ ಮಾಡುತ್ತಾನೆ, ಅಮ್ಮ ಮೀನು ಮಾರುತ್ತಾಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಳೆಗಾಲದ ಆ ಎರಡು ತಿಂಗಳು ಇಂಥ ಮನೆಗಳಲ್ಲಿ ಕೈ ಬಿಗಿ. ನಾನು ಬ್ಯಾಂಕಿನಲ್ಲಿದ್ದವನೆಂದು ತಿಳಿದು ತಾಯಿ ಮಗಳು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು.

“ಮಾಮಾ, ಇದ್ರಲ್ಲಿ ಒಂದು ನಾಣ್ಯಕ್ಕೆ ಐದು ಲಕ್ಷ ಸಿಗ್ತದಂತೆ. ಫೋನಿನಲ್ಲಿ ಫೋಟೋ ನೋಡಿ ಒಬ್ರು ಹೇಳಿದ್ರು. ಮೊದ್ಲು ನೋಂದಣಿಗೆ ಮೂರು ಸಾವಿರ ಕಳಿಸ್ಬೇಕಂತೆ. ಕಳಿಸ್ಲಾ?” ಎಂದು ಕೇಳಿದಳು ತಾಯಿ.

“ಇವತ್ತು ಬೇಡ. ಮೊದಲು ನಾಣ್ಯ ನೋಡೋಣ” ಎಂದೆ.

ಮಕ್ಕಳೇ, ತಪ್ಪು ನಾಣ್ಯ ಗುರುತಿಸಬೇಕಾದರೆ ಸರಿಯಾದ ನಾಣ್ಯ ಹೇಗೆ ಆಗುತ್ತದೆಂದು ತಿಳಿದಿರಬೇಕು. ಅಜ್ಜಿ ಹಿಟ್ಟು ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಪೂರಿ ಒತ್ತುವುದನ್ನು ನೋಡಿದ್ದೀರಲ್ಲ? ಟಂಕಸಾಲೆಯಲ್ಲಿ ಲೋಹದ ಹಾಳೆಯಿಂದ ಬಿಲ್ಲೆಗಳನ್ನು ಹೀಗೆಯೇ ಕತ್ತರಿಸುತ್ತಾರೆ. ಆಮೇಲೆ ಬಿಲ್ಲೆಯನ್ನು ಒಂದು ಬಳೆಯೊಳಗೆ ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒತ್ತುತ್ತಾರೆ. ಹಾಳೆ ಸರಿಯಾಗಿ ಮುಂದೆ ಸರಿಯದಿದ್ದರೆ ಹೊಸ ಬಿಲ್ಲೆ ಹಳೆಯ ತೂತಿನ ಮೇಲೆ ಬಂದು, ಕಚ್ಚಿದ ಪೂರಿಯಂತೆ ಅಂಚು ಕಡಿಮೆಯಾಗುತ್ತದೆ. ಒತ್ತಿದ ನಾಣ್ಯ ಅಚ್ಚಿಗೇ ಅಂಟಿ ಉಳಿದರೆ, ಮುಂದಿನ ನಾಣ್ಯದ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡುತ್ತದೆ. ಒಂದು ಕಡೆ ಉಬ್ಬಾಗಿ, ಇನ್ನೊಂದು ಕಡೆ ಕನ್ನಡಿಯಲ್ಲಿ ಕಂಡಂತೆ ತಗ್ಗಾಗಿ. ಬಿಲ್ಲೆ ಪಕ್ಕಕ್ಕೆ ಸರಿದಿದ್ದರೆ ಚಿತ್ರ ವಾರೆಯಾಗಿ ಬೀಳುತ್ತದೆ. ಅಚ್ಚೇ ತಿರುಗಿದ್ದರೆ ಹಿಂಬದಿಯ ಚಿತ್ರ ಓರೆಯಾಗುತ್ತದೆ. ನಿಮ್ಮ ಜೇಬಿನ ನಾಣ್ಯವನ್ನು ಪುಸ್ತಕದ ಹಾಳೆಯಂತೆ ತಿರುಗಿಸಿ ನೋಡಿ. ಎರಡೂ ಬದಿ ನೆಟ್ಟಗಿದ್ದರೆ ಅದು ಸರಿ.

ಡಬ್ಬಿಯಿಂದ ಮೂರು ನಾಣ್ಯಗಳನ್ನು ಬೇರೆ ತೆಗೆದಿಟ್ಟೆವು. ಒಂದು ಅಜ್ಜಿಯ ಕಾಲದ್ದು, ‘ಎಸ್ಟಾಡೊ ಡ ಇಂಡಿಯಾ’ ಎಂಬ ಬರಹವಿತ್ತು. ಇದರಲ್ಲಿ ತಪ್ಪೇನೂ ಇಲ್ಲ. 1961ರ ಡಿಸೆಂಬರ್‌ವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಇದು ಅವರ ನಾಣ್ಯ. ಗಡಿಯ ಊರಿನ ಹಳೆಯ ಪೆಟ್ಟಿಗೆಯಲ್ಲಿ ಹೀಗೆ ಸಿಗುವುದು ಸಹಜ.

ಎರಡನೆಯದು ಮರಳಲ್ಲಿ ಸಿಕ್ಕ ಹನ್ನೊಂದು ಮೂಲೆಯ ಎರಡು ರೂಪಾಯಿ. ಅಂಚು ಸವೆದಿತ್ತು, ಮೈಯೆಲ್ಲ ಗುಳಿ. ಫೋನಿನವರು ಐದು ಲಕ್ಷ ಎಂದದ್ದು ಇದಕ್ಕೇ. ಬಜಾರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟರೆ 5.2 ಗ್ರಾಂ. ಇರಬೇಕಾದದ್ದು 6 ಗ್ರಾಂ. ಟಂಕಸಾಲೆಯಿಂದ ಸರಿಯಾಗಿಯೇ ಹೊರಟ ನಾಣ್ಯವನ್ನು ಉಪ್ಪುನೀರು, ಮರಳು ಸೇರಿ ಸವೆಸಿವೆ. ರೈಲುಹಳಿಯ ಮೇಲೆ ಚಪ್ಪಟೆಯಾದದ್ದು, ಅರದಿಂದ ಉಜ್ಜಿದ್ದು, ಸುತ್ತಿಗೆಯಿಂದ ಜಜ್ಜಿದ್ದು ಎಲ್ಲವೂ ಇದೇ ಜಾತಿಗೆ ಸೇರಿದವು. ಅಂಥವಕ್ಕೆ ಸಂಗ್ರಹಕಾರರು ಹೆಚ್ಚಿನ ಬೆಲೆ ಕೊಡುವುದಿಲ್ಲ.

ಮೂರನೆಯದನ್ನು ಫೋನಿನವರು ಕೇಳಿಯೇ ಇರಲಿಲ್ಲ. ಅದು ಅಂಗಡಿಯಲ್ಲಿ ಚಿಲ್ಲರೆಯಾಗಿ ಬಂದ 1998ರ ಒಂದು ರೂಪಾಯಿ. ಚಿತ್ರ ಪಕ್ಕಕ್ಕೆ ಸರಿದು, ಒಂದಂಚಿನಲ್ಲಿ ಬಿದಿಗೆಯ ಚಂದ್ರನಷ್ಟು ಜಾಗ ಖಾಲಿ. ಭೂತಗನ್ನಡಿ ಹಿಡಿದೆವು. ಹಿಂಬದಿಯಲ್ಲೂ ಅದೇ ಅಂಚು ಖಾಲಿ, ಉಜ್ಜಿದ ಗೀರಿಲ್ಲ. ಆ ಕಾಲದ ಉಕ್ಕಿನ ರೂಪಾಯಿ ಅಯಸ್ಕಾಂತಕ್ಕೆ ಅಂಟಬೇಕು, ಅಂಟಿತು. ತೂಕ 4.85 ಗ್ರಾಂ ಇರಬೇಕು, ತಕ್ಕಡಿ 4.84 ತೋರಿಸಿತು. ಲೋಹ ಎಲ್ಲೂ ಹೋಗಿಲ್ಲ, ಚಿತ್ರ ಮಾತ್ರ ಸರಿದಿದೆ. ಇಸವಿಯ ಕೆಳಗೆ ನಕ್ಷತ್ರವಿತ್ತು.

“ನಕ್ಷತ್ರ ಯಾಕೆ ಅಜ್ಜಾ?” ಎಂದಳು ಹುಡುಗಿ.

“ಅದು ಹೈದರಾಬಾದಿನ ಗುರುತು. ವಜ್ರದಾಕಾರ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ.”

“ಹಾಗಾದ್ರೆ ಇದಕ್ಕೆ ಎಷ್ಟು?”

ಬೆಲೆ ನಿರ್ಧರಿಸುವುದು ಮೂರು ಸಂಗತಿ: ತಪ್ಪು ಎಷ್ಟು ದೊಡ್ಡದು, ಅಂಥವು ಎಷ್ಟು ಸಿಗುತ್ತವೆ, ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ. ಇಸವಿ ಪೂರ್ತಿ ಕಂಡರೆ ಇನ್ನೂ ಒಳ್ಳೆಯದು. ಮಾರುವವರು ಹೇಳುವ ಬೆಲೆಯನ್ನು ನಂಬಬಾರದು. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಬೇಕು. ಬೆಂಗಳೂರಿನ ನಾಣ್ಯ ಪ್ರದರ್ಶನಗಳಲ್ಲಿ ಎರಡು ಮೂರು ಮಂದಿ ಬಲ್ಲವರಿಗೆ ಕೈಯಲ್ಲೇ ಕೊಟ್ಟು ತೋರಿಸಬಹುದು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ಮುಂಗಡ ಶುಲ್ಕ ಕೇಳುವವರಿಗಂತೂ ಒಂದು ಪೈಸೆಯೂ ಕೊಡಬಾರದು. ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ.

ಇದನ್ನೆಲ್ಲ ಹೇಳಿ, “ಇದು ನಿಜವಾದ ತಪ್ಪು ನಾಣ್ಯ. ಒಂದು ರೂಪಾಯಿಗಿಂತ ಹೆಚ್ಚು ಬರುತ್ತದೆ. ಲಕ್ಷ ಬರುವುದಿಲ್ಲ” ಎಂದೆ.

ತಾಯಿಯ ಮುಖ ಸ್ವಲ್ಪ ಬಾಡಿತು. ಐದು ಲಕ್ಷದಲ್ಲಿ ಏನೇನು ಮಾಡಬೇಕೆಂದು ಎಣಿಸಿಕೊಂಡಿದ್ದಳೋ! ಅಷ್ಟರಲ್ಲಿ ಫೋನು ಬಂತು. ಅವಳೇ ಎತ್ತಿದಳು. “ಮೂರು ಸಾವಿರ ನೀವೇ ಹಿಡ್ಕೊಳ್ಳಿ, ಉಳಿದ ದುಡ್ಡು ನಮ್ಗೆ ಕೊಡಿ” ಎಂದಳು. ಆ ಕಡೆಯವರು ಮಾತಾಡದೆ ಇಟ್ಟರು.

ಹುಡುಗಿ ವಾರೆ ರೂಪಾಯಿಯನ್ನು ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಇಸವಿ, ತೂಕ, ಸಿಕ್ಕ ಅಂಗಡಿ, ಸಿಕ್ಕ ದಿನ ಬರೆದಳು. ಸಂಜೆ ಮಳೆ ನಿಂತ ಮೇಲೆ ತಾಯಿ ಮೂರು ಸಾವಿರ ತೆಗೆದುಕೊಂಡು ಹೋಗಿ ಕಿರಾಣಿ ಅಂಗಡಿಯ ಬಾಕಿ ತೀರಿಸಿ ಬಂದಳು.